ವಿವರಣಾತ್ಮಕ ಪ್ರಬಂಧ ಕಲಿಸೋದು ಹೇಗೆ? ಕಾಲುವೆ ಸೀಮೆಯ ತರಗತಿಯಿಂದ ಹತ್ತು ಹಂತ

"ಪ್ರಬಂಧ ಬರೀರಿ ಅಂದ್ರೆ ಎಲ್ಲಾ ಹುಡುಗ್ರೂ ಗೈಡ್‌ನಲ್ಲಿರೋದನ್ನೇ ಇಳಿಸ್ತಾರೆ ಸರ್, ಏನು ಮಾಡೋದು?"

ಜೂನ್ ಬಂತು ಅಂದರೆ ಈ ಪ್ರಶ್ನೆ ಶುರು. ತುಂಗಭದ್ರಾ ಕಾಲುವೆ ಸೀಮೆಯ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಕನ್ನಡ ಶಿಕ್ಷಕರು ಕೇಳುತ್ತಾರೆ. ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸುವ ಅಪ್ಪ-ಅಮ್ಮಂದಿರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಫೋನಿನಲ್ಲಿ ಹೇಳುವುದಕ್ಕಿಂತ ಒಮ್ಮೆ ಪೂರ್ತಿ ಬರೆದಿಡೋಣ ಅನ್ನಿಸಿತು. 8ರಿಂದ 10ನೇ ತರಗತಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಿಯುಸಿಗೂ ಇದೇ ನಡೆಯುತ್ತದೆ, ಪ್ಯಾರಾಗಳು ಸ್ವಲ್ಪ ಉದ್ದ ಆಗಬೇಕು ಅಷ್ಟೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ವಿವರಣಾತ್ಮಕ ಪ್ರಬಂಧ ಅಂದರೆ ಗೊತ್ತಿಲ್ಲದವರಿಗೆ ಒಂದು ವಿಷಯವನ್ನು ಅರ್ಥ ಮಾಡಿಸುವ ಬರಹ. ನಡೆದದ್ದನ್ನು ಹೇಳಿದರೆ ಅದು ಕಥನ. ಕಣ್ಣಿಗೆ ಕಟ್ಟುವ ಹಾಗೆ ಬಣ್ಣಿಸಿದರೆ ವರ್ಣನೆ. "ಹೀಗೇ ಆಗಬೇಕು" ಅಂತ ಪಟ್ಟು ಹಿಡಿದರೆ ವಾದ. ನಮ್ಮ ತುಂಗಭದ್ರಾ ಡ್ಯಾಂ ಒಂದನ್ನೇ ಇಟ್ಟುಕೊಂಡು ನಾಲ್ಕನ್ನೂ ಬರೆಯಬಹುದು. 33 ಗೇಟೂ ತೆರೆದಾಗ ನೀರು ಧುಮುಕುವ ನೋಟ ವರ್ಣನೆ. ಅದನ್ನು ನೋಡೋಕೆ ಅಪ್ಪನ ಬೈಕಿನಲ್ಲಿ ಹೋಗಿ, ದಾರಿಯಲ್ಲಿ ಪೆಟ್ರೋಲ್ ಮುಗಿದು ತಳ್ಳಿಕೊಂಡು ಬಂದದ್ದು ಕಥನ. ಹೂಳು ತೆಗೆಸಲೇಬೇಕು ಅನ್ನೋದು ವಾದ. ಗೇಟು ಯಾವಾಗ ತೆರೆಯುತ್ತಾರೆ, ಯಾಕೆ ತೆರೆಯುತ್ತಾರೆ, ಆ ನೀರು ಎಲ್ಲಿಗೆ ಹೋಗುತ್ತದೆ ಅನ್ನೋದು ವಿವರಣೆ. ಈ ಲೇಖನ ಕೊನೆಯದರ ಬಗ್ಗೆ ಮಾತ್ರ.

ಏನೇನು ಬೇಕು?

ಮುಖ್ಯವಾಗಿ ಸಮಯ ಬೇಕು. ಒಂದು ಪ್ರಬಂಧಕ್ಕೆ ಆರು ಪೀರಿಯಡ್ ಎತ್ತಿಡಿ. ಎರಡು ವಾರಕ್ಕೆ ಹಂಚಿಕೊಂಡರೂ ಸರಿ. "ಸಿಲಬಸ್ ಯಾರು ಮುಗಿಸ್ತಾರೆ?" ಅಂತ ಕೇಳುತ್ತೀರಿ, ಗೊತ್ತು. ವರ್ಷಕ್ಕೆ ಹತ್ತು ಪ್ರಬಂಧ ಬರೆಸಿ ಹತ್ತೂ ಗೈಡಿನದೇ ಆಗುವುದಕ್ಕಿಂತ ಮೂರು ಬರೆಸಿ, ಸಾಕು. ಇನ್ನು ಸಾಮಾನು: ಒಂದು ರಫ್ ನೋಟ್‌ಬುಕ್, ಕಪ್ಪು ಹಲಗೆ, ಹಳೇ ಕ್ಯಾಲೆಂಡರ್ ಹಾಳೆಗಳನ್ನು ಕತ್ತರಿಸಿದ ಚೀಟಿಗಳು. ಸ್ಮಾರ್ಟ್ ಕ್ಲಾಸ್ ಬೇಡ. ಒಂದು ಷರತ್ತು ಇದೆ. ಮಕ್ಕಳಿಗೆ ಕೊಟ್ಟ ಪ್ರಶ್ನೆಗೆ ನೀವೂ ಮನೆಯಲ್ಲಿ ಕೂತು ಒಂದು ಪುಟ ಬರೆಯಬೇಕು. ಎಲ್ಲಿ ಕೈ ನಿಲ್ಲುತ್ತದೆ ಅಂತ ಆಗ ಗೊತ್ತಾಗುತ್ತದೆ.

ಹಂತ 1: ವಿಷಯ ಕೊಡಬೇಡಿ, ಪ್ರಶ್ನೆ ಕೊಡಿ

"ಪರಿಸರ ಮಾಲಿನ್ಯ", "ಗ್ರಂಥಾಲಯದ ಮಹತ್ವ", "ಸಾಮಾಜಿಕ ಪಿಡುಗುಗಳು". ಇವನ್ನು ಬೋರ್ಡ್ ಮೇಲೆ ಬರೆದ ಕೂಡಲೇ ಮಕ್ಕಳ ಕೈ ಗೈಡಿಗೆ ಹೋಗುತ್ತದೆ. ಅವರದೇನೂ ತಪ್ಪಿಲ್ಲ. ಅಷ್ಟು ದೊಡ್ಡ ವಿಷಯದ ಬಗ್ಗೆ 14 ವರ್ಷದ ಹುಡುಗ ಸ್ವಂತದ್ದು ಏನು ಹೇಳಿಯಾನು? ಶುರುವಿನ ವರ್ಷಗಳಲ್ಲಿ ನಾನೂ ಇದನ್ನೇ ಮಾಡಿದವನು. 40 ನೋಟ್‌ಬುಕ್‌ಗಳಲ್ಲಿ ಒಂದೇ ಪ್ಯಾರಾ ಓದಿದೆ. ಗೈಡಿನಲ್ಲಿದ್ದ ಅಚ್ಚಿನ ತಪ್ಪೂ 40 ಕಡೆ ಹಾಗೇ ಇತ್ತು.

ಒಳ್ಳೆಯ ಪ್ರಶ್ನೆಗೆ ನನ್ನ ಅಳತೆ ಹೀಗೆ: ಉತ್ತರದ ಅರ್ಧ ಮಗುವಿಗೆ ಆಗಲೇ ಗೊತ್ತಿರಬೇಕು, ಇನ್ನರ್ಧವನ್ನು ಯಾರನ್ನಾದರೂ ಕೇಳಿ ತಿಳಿಯಬೇಕು. "ನೀರಾವರಿ" ಅನ್ನೋದು ವಿಷಯ. "ಕಾಲುವೆ ನೀರು ಕೊನೆಯ ಹೊಲಕ್ಕೆ ಯಾಕೆ ತಲುಪುವುದಿಲ್ಲ?" ಅನ್ನೋದು ಪ್ರಶ್ನೆ. ಎಡದಂಡೆ ಕಾಲುವೆಯ ಊರುಗಳಲ್ಲಿ ಈ ಮಾತು ಆಡದ ಕಟ್ಟೆ ಇಲ್ಲ. ಈ ಲೇಖನ ಮುಗಿಯುವವರೆಗೂ ಇದೇ ಪ್ರಶ್ನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆಗಳಲ್ಲಿ ಮೂರು ಬಗೆ ಸಾಕು. ಮೊದಲನೆಯದು "ಹೇಗೆ": ಒಂದು ಕೆಲಸ ಹಂತ ಹಂತವಾಗಿ ನಡೆಯುವ ರೀತಿ. ಭತ್ತದ ಸಸಿ ಮಡಿ ಹೇಗೆ ಮಾಡುತ್ತಾರೆ, ಮಿರ್ಚಿ-ಒಗ್ಗರಣೆ ಅಂಗಡಿಯವರು ಮಂಡಕ್ಕಿಯನ್ನು ಮೆತ್ತಗಾಗದ ಹಾಗೆ ಹೇಗೆ ನೆನೆಸಿ ಹಿಂಡುತ್ತಾರೆ. ಎರಡನೆಯದು "ಯಾಕೆ": ಕಾರಣ ಮತ್ತು ಪರಿಣಾಮ. ಮೂರನೆಯದು "ಏನು ವ್ಯತ್ಯಾಸ": ಹೋಲಿಕೆ. ಇದೇ ಕ್ರಮದಲ್ಲಿ ಕಲಿಸಿ. "ಹೇಗೆ" ಸುಲಭ, ಏಕೆಂದರೆ ಕೆಲಸದ ಕ್ರಮವೇ ಬರಹದ ಕ್ರಮ ಆಗುತ್ತದೆ. "ವ್ಯತ್ಯಾಸ" ಕಷ್ಟ. ಮಕ್ಕಳು ಮೊದಲು ಇದರ ಬಗ್ಗೆ ಒಂದು ಪುಟ, ಆಮೇಲೆ ಅದರ ಬಗ್ಗೆ ಒಂದು ಪುಟ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹೋಲಿಸುವುದೇ ಇಲ್ಲ.

ಎಚ್ಚರಿಕೆ: "ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ" ಥರದ ಪ್ರಶ್ನೆ ಕೊಟ್ಟರೆ ಅದು ವಾದಕ್ಕೆ ತಿರುಗುತ್ತದೆ. ಹೌದು-ಇಲ್ಲ ಅಂತ ಉತ್ತರ ಬರುವ ಪ್ರಶ್ನೆಗಳೂ ಬೇಡ.

ಹಂತ 2: ಬರೆಯುವ ಮುಂಚೆ ಬಾಯಲ್ಲಿ ಹೇಳಿಸಿ

ಎಲ್ಲರೂ ಹಾರಿಸುವ ಹಂತ ಇದು. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಮುಖ್ಯ. ಒಬ್ಬ ಹುಡುಗನನ್ನು ಎದುರಿಗೆ ನಿಲ್ಲಿಸಿ, "ನೀನು ಕೊಡಗಿನಿಂದ ಬಂದವನು. ಕಾಲುವೆ, ತೂಬು, ಈ ಊರಿನದು ಏನೂ ನಿನಗೆ ಗೊತ್ತಿಲ್ಲ. ಅರ್ಥ ಆಗದೇ ಇದ್ದ ಕೂಡಲೇ ತಡೆದು ಕೇಳು" ಅನ್ನಿ. ಇನ್ನೊಬ್ಬರು ವಿವರಿಸಲಿ. ಒಮ್ಮೆ ಒಬ್ಬ ಹುಡುಗಿ ವಿವರಿಸುವಾಗ ಹೀಗೆ ನಡೆಯಿತು:

"ಕಾಲುವಿ ನೀರು ನಮ್ಮ ಹೊಲಕ್ಕ ಬರಂಗಿಲ್ಲ."

"ಯಾಕ?"

"ಮ್ಯಾಲಿನವ್ರು ಹಿಡ್ಕೊಂತಾರ."

"ಮ್ಯಾಲಿನವ್ರು ಅಂದ್ರ? ಗುಡ್ಡದ ಮ್ಯಾಲೆ ಇರ್ತಾರೇನು?"

ಕ್ಲಾಸಿಗೆಲ್ಲ ನಗು. ಹುಡುಗಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ, "ಅಲ್ಲೋ, ಕಾಲುವಿ ಮೊದ್ಲು ಅವ್ರ ಹೊಲ ದಾಟಿ ನಮ್ ಕಡಿಗೆ ಬರತೈತಿ. ಅದಕ್ಕ ಅವ್ರು ಮ್ಯಾಲಿನವ್ರು, ನಾವು ಕೆಳಗಿನವ್ರು" ಅಂದಳು.

ನೋಡಿ, "ಮೇಲ್ಭಾಗ" ಅನ್ನುವ ಪದಕ್ಕೆ ಅರ್ಥ ಹೇಳಬೇಕು ಅಂತ ನಾನು ಹೇಳಿಕೊಡಲಿಲ್ಲ. ಎದುರಿಗಿದ್ದವನ ಪೆಚ್ಚು ಮುಖ ಹೇಳಿಕೊಟ್ಟಿತು. ಓದುವವನಿಗೆ ಏನು ಗೊತ್ತಿಲ್ಲ ಅಂತ ಊಹಿಸುವುದೇ ವಿವರಣೆಯ ಅರ್ಧ ಕೆಲಸ. ಅದು ಬಾಯಿಮಾತಿನಲ್ಲಿ ಬಂದಷ್ಟು ಬೇಗ ಬರಹದಲ್ಲಿ ಬರೋದಿಲ್ಲ.

"ಕೊಡಗಿನವನು" ಕೇಳಿದ ಪ್ರಶ್ನೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ನಮ್ಮಲ್ಲಿ ಬಂದವು ಇವು: ಮೇಲಿನವರು ಅಂದರೆ ಯಾರು? ಅವರು ಜಾಸ್ತಿ ನೀರು ತೆಗೆದುಕೊಂಡರೆ ಯಾರೂ ಕೇಳುವುದಿಲ್ಲವಾ? ಡ್ಯಾಂ ತುಂಬಿದ್ದರೂ ನೀರು ಯಾಕೆ ಸಾಲುವುದಿಲ್ಲ? ಭತ್ತಕ್ಕೆ ಅಷ್ಟೊಂದು ನೀರು ಬೇಕಾ? ಈ ಪಟ್ಟಿಯನ್ನು ಅಳಿಸಬೇಡಿ. ಮುಂದೆ ಬೇಕಾಗುತ್ತದೆ.

ಹಂತ 3: ನೋಡಿದ್ದು, ಕೇಳಿದ್ದು, ಓದಿದ್ದು

ಈಗ ಮಾಹಿತಿ ಸೇರಿಸುವ ಕೆಲಸ. ಎರಡು-ಮೂರು ದಿನ ಬಿಡಿ. ಒಂದು ಚೀಟಿಗೆ ಒಂದೇ ಸಂಗತಿ. ಚೀಟಿಯ ಮೂಲೆಯಲ್ಲಿ ನೋ, ಕೇ, ಓ ಅಂತ ಗುರುತು ಹಾಕಿಸಿ. ಸ್ವತಃ ನೋಡಿದ್ದಾದರೆ ನೋ. ಅಜ್ಜನನ್ನೋ, ಕಾಲುವೆಯ ಗ್ಯಾಂಗ್‌ಮನ್‌ರನ್ನೋ ಕೇಳಿದ್ದಾದರೆ ಕೇ. ಪತ್ರಿಕೆ, ಪಠ್ಯಪುಸ್ತಕದಲ್ಲಿ ಸಿಕ್ಕಿದ್ದಾದರೆ ಓ. ಮೂರೂ ಬಗೆಯ ಚೀಟಿ ಇರಲೇಬೇಕು ಅನ್ನೋದು ನನ್ನ ಕ್ಲಾಸಿನ ನಿಯಮ. ಬರೀ ಓ ಇದ್ದರೆ ಅದು ಮತ್ತೆ ಗೈಡೇ ಆಯಿತು. ಬರೀ ಕೇ ಇದ್ದರೆ ಕಟ್ಟೆ ಮೇಲಿನ ಹರಟೆ.

ಅಂಕಿ-ಸಂಖ್ಯೆಯ ವಿಷಯದಲ್ಲಿ ಇಲ್ಲೇ ಬಿಗಿ ಮಾಡಿ. ತುಂಗಭದ್ರಾ ಜಲಾಶಯಕ್ಕೆ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105.78 ಟಿಎಂಸಿಗೆ ಇಳಿದಿದೆ. ಪತ್ರಿಕೆಯಲ್ಲಿ ಇದನ್ನು ಓದಿದ ಮಗು ಹಾಗೇ ಇಳಿಸುತ್ತದೆ. "ಟಿಎಂಸಿ ಅಂದರೇನು?" ಅಂತ ಕೇಳಿದರೆ ಉತ್ತರ ಇಲ್ಲ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್. ಇದನ್ನು ಹೇಳಿದರೂ ಮಕ್ಕಳಿಗೆ ಅದು ತಲೆಗೆ ಹತ್ತದ ಸಂಖ್ಯೆಯೇ. ಆಗ ಲೆಕ್ಕ ಮಾಡಿಸಿ: 133ರಲ್ಲಿ 105 ಕಳೆದರೆ ಎಷ್ಟಾಯಿತು? ಸುಮಾರು 27-28. ಅಂದರೆ ಐದು ಕೊಡದಲ್ಲಿ ಒಂದು ಕೊಡ ಮಣ್ಣು. ಈಗ ಬರೆಯಲಿ. ಗೊತ್ತಿಲ್ಲದ ದೊಡ್ಡ ಸಂಖ್ಯೆಯ ಪಕ್ಕ ಗೊತ್ತಿರುವ ಸಣ್ಣ ಅಳತೆ ಇಡುವುದನ್ನು ಇಲ್ಲಿ ಕಲಿತರೆ ವಿಜ್ಞಾನದ ಉತ್ತರಪತ್ರಿಕೆಗೂ ಉಪಯೋಗ.

ಇನ್ನೊಂದು ತಪ್ಪು ಪ್ರತಿ ವರ್ಷ ಬರುತ್ತದೆ: "ತುಂಗಭದ್ರಾ ಅಣೆಕಟ್ಟನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿಸಿದರು." ನಮ್ಮ ಮಕ್ಕಳ ಲೆಕ್ಕದಲ್ಲಿ ಡ್ಯಾಂ ಅಂದರೆ ವಿಶ್ವೇಶ್ವರಯ್ಯ. ಇದು ಆಗಿನ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ ಕೈಗೆತ್ತಿಕೊಂಡ ಕೆಲಸ. 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಬಲದಂಡೆಯ ಬಳ್ಳಾರಿ ಮದ್ರಾಸಿನದು, ಎಡದಂಡೆಯ ಕೊಪ್ಪಳ-ರಾಯಚೂರು ನಿಜಾಮರದು. ಅದಕ್ಕೇ ಎರಡು ಸರ್ಕಾರ. ಇಂಥ ತಪ್ಪು ಸಿಕ್ಕರೆ ಬೈಯಬೇಡಿ. "ಇದು ನೋ, ಕೇ, ಓ ಯಾವುದು?" ಅಂತ ಕೇಳಿ. ಮಗು ತಾನೇ ತಡವರಿಸುತ್ತದೆ. ವಾಟ್ಸಾಪಿನಲ್ಲಿ ಬಂದದ್ದು "ಓ" ಅಲ್ಲ ಅಂತಲೂ ಮೊದಲೇ ಹೇಳಿಬಿಡಿ.

ಹಂತ 4: ತಿರುಳು ವಾಕ್ಯ

ಇಡೀ ಪ್ರಬಂಧವನ್ನು ಒಂದೇ ವಾಕ್ಯದಲ್ಲಿ ಹೇಳು ಅಂದರೆ ಏನು ಹೇಳುತ್ತೀಯಾ? ಅದೇ ತಿರುಳು ವಾಕ್ಯ. ಪರೀಕ್ಷೆ ಸುಲಭ. ಪ್ರಶ್ನೆಯನ್ನು ಜೋರಾಗಿ ಓದಿಸಿ, ಕೂಡಲೇ ಈ ವಾಕ್ಯ ಓದಿಸಿ. ಉತ್ತರದ ಹಾಗೆ ಕೇಳಿಸಬೇಕು.

"ಕಾಲುವೆ ನೀರು ಕೊನೆಯ ಹೊಲಕ್ಕೆ ಯಾಕೆ ತಲುಪುವುದಿಲ್ಲ?" "ನೀರಾವರಿ ರೈತರಿಗೆ ಬಹಳ ಮುಖ್ಯ." ಹೊಂದಲಿಲ್ಲ ಅಲ್ವಾ?

"ಮೇಲ್ಭಾಗದಲ್ಲಿ ಲೆಕ್ಕಕ್ಕಿಂತ ಹೆಚ್ಚು ಭತ್ತ ಬೆಳೆಯುವುದರಿಂದ ಮತ್ತು ಜಲಾಶಯದಲ್ಲಿ ಹೂಳು ತುಂಬಿರುವುದರಿಂದ ಕೊನೆಯ ಹೊಲಕ್ಕೆ ನೀರು ಸಾಲುತ್ತಿಲ್ಲ." ಇದು ಹೊಂದಿತು.

ಹಂತ 5: ಚೀಟಿ ಜೋಡಿಸುವುದು

ಚೀಟಿಗಳನ್ನು ನೆಲದ ಮೇಲೆ ಹರಡಿ ಗುಂಪು ಮಾಡಿಸಿ. ಒಂದು ಗುಂಪು ಒಂದು ಪ್ಯಾರಾ. ಗುಂಪಿಗೆ ಸೇರದ ಚೀಟಿಯನ್ನು ಪಕ್ಕಕ್ಕಿಡಿ, ಎಷ್ಟೇ ಚೆನ್ನಾಗಿದ್ದರೂ. ಅಳುವ ಮಕ್ಕಳಿದ್ದಾರೆ, ಹುಷಾರು. ಎರಡನೇ ಹಂತದಲ್ಲಿ ಬೋರ್ಡಿನ ಮೇಲೆ ಬರೆದ ಪ್ರಶ್ನೆಗಳ ಜೊತೆ ಈ ಗುಂಪುಗಳನ್ನು ಹೋಲಿಸಿ. ಯಾವ ಪ್ರಶ್ನೆಗೆ ಚೀಟಿ ಇಲ್ಲವೋ ಅಲ್ಲಿ ಮಾಹಿತಿ ಕಡಿಮೆ ಇದೆ ಅಂತ. ಒಂದೂವರೆ ಪುಟಕ್ಕೆ ಮೂರು ಗುಂಪು ಸಾಕು.

ಹಂತ 6: ಪ್ಯಾರಾ ಕಟ್ಟುವುದು

ಇಲ್ಲಿ ನಿಧಾನ ಮಾಡಿ. ಎರಡು ಪೀರಿಯಡ್ ಇದಕ್ಕೇ ಹೋಗಲಿ. ಎಲ್ಲ ತಯಾರಿ ಆದಮೇಲೂ ಮೊದಲ ಪ್ರತಿಯಲ್ಲಿ ಸಾಮಾನ್ಯವಾಗಿ ಬರೋದು ಇಂಥ ಪ್ಯಾರಾ:

"ನೀರು ಅಮೂಲ್ಯವಾದದ್ದು. ಮೇಲಿನ ರೈತರು ಭತ್ತ ಬೆಳೆಯುತ್ತಾರೆ. ಡ್ಯಾಂನಲ್ಲಿ ಹೂಳು ತುಂಬಿದೆ. ರೈತ ದೇಶದ ಬೆನ್ನೆಲುಬು. ಅಧಿಕಾರಿಗಳು ಗಮನ ಹರಿಸಬೇಕು."

ಐದು ವಾಕ್ಯ, ಐದೂ ಐದು ದಿಕ್ಕಿಗೆ. ವ್ಯಾಕರಣದ ತಪ್ಪು ಒಂದೂ ಇಲ್ಲ. ಅದಕ್ಕೇ ನಾವು "ಗುಡ್" ಅಂತ ಬರೆದು ಸಹಿ ಹಾಕಿಬಿಡುತ್ತೇವೆ. ಹಾಗೆ ಮಾಡಬೇಡಿ. ಪ್ರತಿ ವಾಕ್ಯದ ಮೇಲೆ ಬೆರಳಿಟ್ಟು ಮೂರು ಪ್ರಶ್ನೆ ಕೇಳಿ: ಹಾಗಂದ್ರೆ? ಯಾಕೆ? ಎಲ್ಲಿ ನೋಡಿದೆ? "ರೈತ ದೇಶದ ಬೆನ್ನೆಲುಬು" ಅನ್ನೋದಕ್ಕೆ ಈ ಮೂರಕ್ಕೂ ಮಗುವಿನ ಹತ್ತಿರ ಉತ್ತರ ಇರುವುದಿಲ್ಲ. ಹೊಡೆದು ಹಾಕಿ. "ಮೇಲಿನ ರೈತರು ಭತ್ತ ಬೆಳೆಯುತ್ತಾರೆ" ಅನ್ನೋದಕ್ಕೆ ಮೂರಕ್ಕೂ ಇದೆ. ಹಾಗಾದರೆ ಪ್ಯಾರಾ ಇರುವುದು ಅಲ್ಲೇ. ಅದೇ ಹುಡುಗಿ ಮೂರನೇ ಸಲ ಬರೆದಾಗ ಹೀಗಾಯಿತು:

"ಮೇಲ್ಭಾಗದ ರೈತರು ಭತ್ತ ಬೆಳೆಯುವುದು ನೀರಿನ ಕೊರತೆಗೆ ಮೊದಲ ಕಾರಣ. ಮೇಲ್ಭಾಗ ಎಂದರೆ ಕಾಲುವೆ ಶುರುವಾಗುವ ಕಡೆಯ ಊರುಗಳು. ಅಲ್ಲಿಗೆ ನೀರು ಮೊದಲು ಬರುತ್ತದೆ. ಯೋಜನೆ ಮಾಡುವಾಗ ಹೆಚ್ಚಿನ ಜಮೀನಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನು ಲೆಕ್ಕ ಹಾಕಿದ್ದರು. ಆದರೆ ಭತ್ತದ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಿರಬೇಕು. ಆದ್ದರಿಂದ ಜೋಳದ ಹೊಲಕ್ಕೆ ಸಾಕಾಗುವ ನೀರು ಅಷ್ಟೇ ದೊಡ್ಡ ಗದ್ದೆಗೆ ಸಾಲುವುದಿಲ್ಲ. ಹೆಚ್ಚಿನ ನೀರು ಮೇಲೆಯೇ ಖರ್ಚಾಗುತ್ತದೆ. ನಮ್ಮ ತೂಬಿನ ಹತ್ತಿರ ಬರುವ ಹೊತ್ತಿಗೆ ಕಾಲುವೆಯಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲ."

ಇದನ್ನು ಬೋರ್ಡಿನ ಮೇಲೆ ಬರೆದು ಬಿಚ್ಚಿ ತೋರಿಸಿ. ಮೊದಲ ವಾಕ್ಯ ಪ್ಯಾರಾ ಯಾವುದರ ಬಗ್ಗೆ ಅಂತ ಹೇಳುತ್ತದೆ. ಇದಕ್ಕೆ ನಾವು ಕ್ಲಾಸಿನಲ್ಲಿ "ಬಾಗಿಲು ವಾಕ್ಯ" ಅನ್ನುತ್ತೇವೆ. ಎರಡನೆಯದು ಗೊತ್ತಿಲ್ಲದ ಪದಕ್ಕೆ ಅರ್ಥ. "ಕೊಡಗಿನವನು" ಕೇಳಿದ್ದನ್ನು ಅವಳು ಮರೆತಿಲ್ಲ. ನಡುವಿನ ವಾಕ್ಯಗಳು ಒಂದರ ಕೈ ಇನ್ನೊಂದು ಹಿಡಿದಿವೆ: ಲೆಕ್ಕ ಹಾಕಿದ್ದು ಒಂದು, ನಡೆದದ್ದು ಇನ್ನೊಂದು, ಅದರ ಫಲ ಮತ್ತೊಂದು. ಕೊನೆಯ ವಾಕ್ಯ ಅವಳು ಕಣ್ಣಾರೆ ನೋಡಿದ್ದು. "ಮೊಣಕಾಲುದ್ದ" ಅನ್ನುವ ಪದ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಇನ್ನೊಂದು ಗಮನಿಸಿ. ಅವಳದು ಕೆಳಭಾಗದ ಊರು. ಮೇಲಿನವರ ಮೇಲೆ ಸಿಟ್ಟಿದೆ. ಮೊದಲ ಸಲ "ಮೇಲಿನವರು ನೀರು ಕದಿಯುತ್ತಾರೆ" ಅಂತ ಬರೆದಿದ್ದಳು. ಸಿಟ್ಟು ತಪ್ಪಲ್ಲ, ಆದರೆ "ಕದಿಯುತ್ತಾರೆ" ಅಂದ ಕೂಡಲೇ ಅದು ವಿವರಣೆ ಬಿಟ್ಟು ಆರೋಪ ಆಗುತ್ತದೆ. ಮೇಲಿನವರು ಭತ್ತವನ್ನೇ ಯಾಕೆ ಹಿಡಿದಿದ್ದಾರೆ ಅನ್ನೋದನ್ನೂ ಕೇಳಿಕೊಂಡು ಬಾ ಅಂದೆ. ಮರುದಿನ ಒಂದು ಹೊಸ ಚೀಟಿ ತಂದಳು: ಕಾಲುವೆ ಬದಿಯ ಹೊಲ ಜೌಗು ಹಿಡಿದಿದೆ, ಅಲ್ಲಿ ಜೋಳ ಬರುವುದೇ ಇಲ್ಲ. ಅದು ಇನ್ನೊಂದು ಪ್ಯಾರಾ ಆಯಿತು.

ಕೂಡಿಸುವ ಪದಗಳನ್ನು ಗೋಡೆಗೆ ಅಂಟಿಸಿ: ಏಕೆಂದರೆ, ಆದ್ದರಿಂದ, ಆದರೆ, ಉದಾಹರಣೆಗೆ, ಇದರ ಜೊತೆಗೆ. ಹತ್ತು ಪದ ದಾಟಬೇಡಿ. ಮಕ್ಕಳು "ಆದ್ದರಿಂದ" ಅನ್ನು ಅಲಂಕಾರಕ್ಕೆ ಬಳಸುತ್ತಾರೆ. ಹಿಂದಿನ ವಾಕ್ಯದ ಮುಂದೆ "ಅದಕ್ಕೇ" ಅಂತ ಬಾಯಲ್ಲಿ ಹೇಳಿಸಿ ನೋಡಿ. ಹೊಂದದಿದ್ದರೆ "ಆದ್ದರಿಂದ" ಕೂಡಾ ಹೊಂದುವುದಿಲ್ಲ.

ಹಂತ 7: ಪೀಠಿಕೆಯನ್ನು ಕೊನೆಗೆ ಬರೆಸಿ

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಈ ಮೂರು ಭಾಗ ಎಲ್ಲರಿಗೂ ಬಾಯಿಪಾಠ. ತೊಂದರೆ ಏನೆಂದರೆ ಮಕ್ಕಳು ಪೀಠಿಕೆಯಿಂದಲೇ ಬರೆಯಲು ಕೂರುತ್ತಾರೆ. ಏನು ಹೇಳಬೇಕು ಅಂತ ಇನ್ನೂ ಗೊತ್ತಿರುವುದಿಲ್ಲ. ಆಗ "ಇಂದಿನ ಆಧುನಿಕ ಯುಗದಲ್ಲಿ" ಬಂದು ಕೂರುತ್ತದೆ. ಅದರ ಹಿಂದೆಯೇ "ಮಾನವನು ಸಂಘಜೀವಿ". ನನ್ನ ಕ್ಲಾಸಿನಲ್ಲಿ ಈ ಎರಡಕ್ಕೂ ಬಾಗಿಲು ಬಂದ್. ಗಾದೆಯಿಂದ ಶುರು ಮಾಡುವುದೂ ಬೇಡ, ಆ ಗಾದೆಗೂ ಮುಂದಿನ ಮಾತಿಗೂ ಸಂಬಂಧ ಇದ್ದರೆ ಮಾತ್ರ ಇರಲಿ.

ನಡುವಿನ ಪ್ಯಾರಾಗಳೆಲ್ಲ ಮುಗಿದ ಮೇಲೆ ಪೀಠಿಕೆ ಬರೆಸಿ. ನಾಲ್ಕು ವಾಕ್ಯ ಸಾಕು. ಒಂದು ಕಂಡ ಸಂಗತಿ, ಅದರಿಂದ ಏಳುವ ಪ್ರಶ್ನೆ, ಆಮೇಲೆ ತಿರುಳು ವಾಕ್ಯ. "ಆಗಸ್ಟ್‌ನಲ್ಲಿ ಡ್ಯಾಂ ತುಂಬಿದ ಸುದ್ದಿ ಬರುತ್ತದೆ. ಅದೇ ವಾರ ನಮ್ಮೂರಿನ ರೈತರು ನೀರಿಗಾಗಿ ರಸ್ತೆಯಲ್ಲಿ ಕೂರುತ್ತಾರೆ. ಡ್ಯಾಂ ತುಂಬಿದ್ದರೂ ಕೊನೆಯ ಹೊಲಕ್ಕೆ ನೀರು ಯಾಕೆ ಬರುವುದಿಲ್ಲ?" ಇಷ್ಟಾದ ಮೇಲೆ ತಿರುಳು ವಾಕ್ಯ. ಓದುವವನು ತಾನಾಗಿ ಮುಂದಕ್ಕೆ ಹೋಗುತ್ತಾನೆ.

ಉಪಸಂಹಾರದಲ್ಲಿ "ನಾವೆಲ್ಲರೂ ನೀರನ್ನು ಉಳಿಸೋಣ, ನಾಡನ್ನು ಬೆಳಗಿಸೋಣ" ಥರದ ಪ್ರತಿಜ್ಞೆ ಬೇಡ. ಎರಡು ವಾಕ್ಯದಲ್ಲಿ ಪ್ರಶ್ನೆಗೆ ಉತ್ತರ ಬಂತು ಅಂತ ಕಾಣಿಸಿದರೆ ಆಯಿತು.

ಹಂತ 8: ಆಡುಮಾತಿನಿಂದ ಬರಹಕ್ಕೆ

ನಮ್ಮ ಕಡೆ ಇದು ನಿಜವಾದ ತಿರುವು. ಮಗು ಹೇಳುವುದು "ಬರಂಗಿಲ್ಲ", ಬರೆಯಬೇಕಾದ್ದು "ಬರುವುದಿಲ್ಲ". ಐತಿ ಇದೆ ಆಗಬೇಕು, ಹೊಲಕ್ಕ ಹೊಲಕ್ಕೆ ಆಗಬೇಕು, ಹೋಗ್ಯಾರ ಹೋಗಿದ್ದಾರೆ ಆಗಬೇಕು. ದಯವಿಟ್ಟು "ತಪ್ಪು ಕನ್ನಡ" ಅನ್ನಬೇಡಿ. ಹಾಗಂದ ದಿನವೇ ಮಗು ಬಾಯಿ ಮುಚ್ಚುತ್ತದೆ, ಎರಡನೇ ಹಂತ ಪೂರ್ತಿ ನೀರಿನಲ್ಲಿ ಹೋಮ. "ಮನೆಯ ಬಟ್ಟೆ, ಶಾಲೆಯ ಯೂನಿಫಾರ್ಮ್" ಅಂತ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ಒಂದು ಸುಲಭ ನಿಯಮ ಇಟ್ಟುಕೊಳ್ಳಿ: ಕ್ರಿಯಾಪದದ ಕೊನೆ ಮತ್ತು ವಿಭಕ್ತಿ ಪ್ರತ್ಯಯ, ಅಂದರೆ ಹೆಸರಿಗೆ ಅಂಟುವ ಇಂದ, ಕ್ಕೆ, ಅಲ್ಲಿ ಥರದ ಬಾಲ, ಇವೆರಡು ಮಾತ್ರ ಬದಲಾಗಲಿ. ತೂಬು, ಬದು, ಸಸಿ ಮಡಿ, ರಾಶಿ, ಕಣ ಇವು ಹಾಗೇ ಇರಲಿ. ಅವುಗಳ ಜಾಗದಲ್ಲಿ ಸಂಸ್ಕೃತ ಪದ ಹುಡುಕಿಸುವುದು ಬೇಡ.

ತೆಲುಗು ಮಾತಾಡುವ ಮನೆಯ ಮಕ್ಕಳು "ಟೀಚರ್ ಬಂತು, ಅಕ್ಕ ಹೇಳಿತು" ಅಂತ ಬರೆಯಬಹುದು. ತೆಲುಗಿನಲ್ಲಿ ಏಕವಚನದ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ ರೂಪ. ಅದನ್ನು ವಿವರಿಸಿದರೆ ಬೇಗ ಸರಿಹೋಗುತ್ತದೆ. ಉರ್ದು ಮನೆಮಾತಿನ ಮಕ್ಕಳಿಗೆ ಳ-ಲ ಬದಲಾಗುತ್ತದೆ. ನಮ್ಮ ಪ್ರಶ್ನೆಗೆ ಇದು ಸಣ್ಣ ತಪ್ಪಲ್ಲ. "ಈ ವರ್ಷ ಬೆಳೆ ಇಲ್ಲ" ಅನ್ನೋದು "ಈ ವರ್ಷ ಬೆಲೆ ಇಲ್ಲ" ಆದರೆ ಕಥೆಯೇ ಬೇರೆ. ಅರ್ಥ ಕೆಡಿಸುವ ಇಂಥ ಜೋಡಿಗಳನ್ನು ಮೊದಲು ತಿದ್ದಿ. ಅಲ್ಪಪ್ರಾಣ-ಮಹಾಪ್ರಾಣ ಆಮೇಲೆ ನೋಡೋಣ.

ಹಂತ 9: ತಿದ್ದುವುದು

60 ಪುಸ್ತಕ, ಕೈಯಲ್ಲಿ ಒಂದು ಕೆಂಪು ಪೆನ್ನು. ನಮ್ಮ ಪಾಡು ಎಲ್ಲರಿಗೂ ಗೊತ್ತು. ಎಲ್ಲ ತಪ್ಪನ್ನೂ ಸುತ್ತಬೇಡಿ. ಪುಟವೆಲ್ಲ ಕೆಂಪಾದರೆ ಮಗು ಅಂಕ ಮಾತ್ರ ನೋಡಿ ಪುಸ್ತಕ ಮುಚ್ಚುತ್ತದೆ. ಮೊದಲ ಓದಿನಲ್ಲಿ ಕಾಗುಣಿತದ ಕಡೆ ಕಣ್ಣೇ ಹಾಕಬೇಡಿ. ಅರ್ಥವಾಗದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಚೆನ್ನಾಗಿ ಅರ್ಥವಾದ ಜಾಗದಲ್ಲಿ ಒಂದು ಗೆರೆ. ಅಷ್ಟೇ. ಮಗು ತಿದ್ದಿ ತಂದಮೇಲೆ ಎರಡನೇ ಓದು. ಆಗ ಎರಡೇ ಎರಡು ಬಗೆಯ ಭಾಷಾ ತಪ್ಪು ಆರಿಸಿ ಗುರುತು ಮಾಡಿ.

ಮೊದಲ ಓದನ್ನು ಮಕ್ಕಳ ಕೈಯಲ್ಲೇ ಮಾಡಿಸಬಹುದು. ಪಕ್ಕದವನ ಪುಸ್ತಕ ಓದಿ ಪ್ರಶ್ನಾರ್ಥಕ ಹಾಕುವುದು ಅವರಿಗೆ ಭಾರಿ ಖುಷಿ. ಆದರೆ ಅಂಕ ಹಾಕುವ ಕೆಲಸ ಕೊಡಬೇಡಿ, ಜಗಳ ಆಗುತ್ತದೆ. ನಾನು ಹತ್ತಕ್ಕೆ ಅಂಕ ಕೊಡುವಾಗ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅನ್ನೋದಕ್ಕೆ 4, ಪ್ಯಾರಾ ಕಟ್ಟಿದ್ದಕ್ಕೆ 3, ಸ್ವಂತ ನೋಡಿದ-ಕೇಳಿದ ಸಂಗತಿಗೆ 2, ಕಾಗುಣಿತಕ್ಕೆ 1 ಅಂತ ಇಟ್ಟುಕೊಂಡಿದ್ದೇನೆ. ಅಕ್ಷರ ದುಂಡಗಿರುವ ಮಕ್ಕಳಿಗೆ ಇದು ಮೊದಮೊದಲು ಅನ್ಯಾಯ ಅನ್ನಿಸುತ್ತದೆ.

ಹಂತ 10: ಪರೀಕ್ಷೆಯಲ್ಲಿ ಏನು ಮಾಡೋದು?

ಪರೀಕ್ಷೆಯಲ್ಲಿ ಪ್ರಶ್ನೆ ಬರುವುದಿಲ್ಲ, "ವಿಷಯ"ವೇ ಬರುತ್ತದೆ. ಅದನ್ನು ಪ್ರಶ್ನೆ ಮಾಡಿಕೊಳ್ಳುವುದನ್ನು ಅಭ್ಯಾಸ ಮಾಡಿಸಿ. "ಪರಿಸರ ಮಾಲಿನ್ಯ" ಬಂದರೆ ಸಂಡೂರು ಕಡೆಯ ಮಗು "ಅದಿರಿನ ಲಾರಿ ಓಡಾಡುವ ರಸ್ತೆ ಬದಿಯ ಊರಿಗೆ ದೂಳಿನಿಂದ ಏನೇನಾಗುತ್ತದೆ?" ಅಂತ ತಿರುಗಿಸಿಕೊಳ್ಳಲಿ. ವಿಷಯ ಅದೇ, ಕೈಗೆ ಸಿಗುವ ತುದಿ ಬೇರೆ. ಆದರೆ ಒಂದು ಪ್ಯಾರಾದಲ್ಲಾದರೂ ನೆಲ, ಜಲ, ಗಾಳಿ ಮೂರರ ಮಾತೂ ಬರಲಿ. ಮೌಲ್ಯಮಾಪಕರು ಅದನ್ನು ಹುಡುಕುತ್ತಾರೆ. ಪೀಠಿಕೆ, ನಿರೂಪಣೆ, ಉಪಸಂಹಾರ ಅಂತ ಉಪಶೀರ್ಷಿಕೆಗಳನ್ನೂ ಹಾಕಲಿ. ಕ್ಲಾಸಿನಲ್ಲಿ ನಾನು ಹಾಕಿಸುವುದಿಲ್ಲ, ಪರೀಕ್ಷೆಯಲ್ಲಿ ಬೇಕು. 20 ನಿಮಿಷ ಇದ್ದರೆ ಮೊದಲ 4 ನಿಮಿಷ ಪೆನ್ಸಿಲಿನಲ್ಲಿ ತಿರುಳು ವಾಕ್ಯ ಮತ್ತು ಮೂರು ಬಾಗಿಲು ವಾಕ್ಯ. ಪರೀಕ್ಷೆಯಲ್ಲಿ ಪೀಠಿಕೆಗೆ ನಾಲ್ಕು ಸಾಲು ಜಾಗ ಬಿಟ್ಟು ಮುಂದೆ ಹೋಗಿ ಅಂತ ಹೇಳಿಕೊಡುತ್ತೇನೆ. ಕೊನೆಗೆ ಬಂದು ತುಂಬುತ್ತಾರೆ. ಬಿಟ್ಟು ಮರೆಯುವವರೂ ಇದ್ದಾರೆ, ಮನೆ ಪರೀಕ್ಷೆಗಳಲ್ಲೇ ಎರಡು ಸಲ ಮಾಡಿಸಿ ನೋಡಿ.

ಮೊದಲ ಸಲಕ್ಕೆ ಯಾವ ಪ್ರಶ್ನೆ?

ಇದನ್ನೂ ಬಹಳ ಜನ ಕೇಳುತ್ತಾರೆ. ಕೊಪ್ಪಳ ಕಡೆಯಾದರೆ "ಕಿನ್ನಾಳದ ಬೊಂಬೆ ಹೇಗೆ ತಯಾರಾಗುತ್ತದೆ?" ಒಳ್ಳೆಯದು. ಹಗುರ ಮರ, ಹುಣಸೆ ಬೀಜದ ಅಂಟು, ಬಣ್ಣ ಅಂತ ಹಂತಗಳು ಕಣ್ಣಿಗೆ ಕಾಣುತ್ತವೆ. ಬಳ್ಳಾರಿ ನಗರದ ಮಕ್ಕಳಿಗೆ "ಜೀನ್ಸ್ ಪ್ಯಾಂಟು ಕಟಿಂಗ್‌ನಿಂದ ಅಂಗಡಿಗೆ ಬರುವವರೆಗೆ ಯಾರ್ಯಾರ ಕೈ ದಾಟುತ್ತದೆ?" ಕೊಡಿ. ಅರ್ಧ ಕ್ಲಾಸಿನ ಮನೆಗಳಲ್ಲೇ ಉತ್ತರ ಇರುತ್ತದೆ. ರಾಯಚೂರಿನವರಿಗೆ "ಶಕ್ತಿನಗರದಲ್ಲಿ ಕಲ್ಲಿದ್ದಲು ವಿದ್ಯುತ್ ಆಗೋದು ಹೇಗೆ, ಅದಕ್ಕೆ ಕೃಷ್ಣಾ ನದಿ ಯಾಕೆ ಬೇಕು?" ಅಲ್ಲಿ ನೀರು ಆವಿಯಾಗಿ ಟರ್ಬೈನ್ ತಿರುಗಿಸುತ್ತದೆ ಅನ್ನೋದನ್ನು ವಿಜ್ಞಾನ ಶಿಕ್ಷಕರನ್ನು ಕೇಳಿ ಬರಲಿ.

"ಯಾಕೆ" ಪ್ರಶ್ನೆಗೆ ನನಗೆ ಬಹಳ ಇಷ್ಟವಾದದ್ದು ಇದು: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದು ಗೇಟು ಹೋದರೆ ಉಳಿದ ಗೇಟುಗಳನ್ನೂ ಯಾಕೆ ತೆರೆದರು? ನೀರು ಉಳಿಸಬೇಕಾದ ಹೊತ್ತಿನಲ್ಲಿ ನೀರು ಬಿಟ್ಟದ್ದು ಮಕ್ಕಳಿಗೆ ವಿಚಿತ್ರ ಅನ್ನಿಸುತ್ತದೆ. ಒತ್ತಡ ಮತ್ತು ನೀರಿನ ಮಟ್ಟ ಇಳಿದರೆ ಮಾತ್ರ ಆ ಜಾಗದಲ್ಲಿ ತಾತ್ಕಾಲಿಕ ಉಕ್ಕಿನ ಹಲಗೆ ಕೂರಿಸಲು ಆಗುತ್ತಿತ್ತು ಅನ್ನುವ ಉತ್ತರಕ್ಕೆ ಅವರೇ ಬರಲಿ. ಮಸ್ಕಿ ಕಡೆಯಾದರೆ 1915ರಲ್ಲಿ ಸಿಕ್ಕ ಅಶೋಕನ ಶಾಸನ ಇದೆ. ಬೇರೆ ಶಾಸನಗಳಲ್ಲಿ ಹೆಚ್ಚಾಗಿ "ದೇವಾನಾಂಪ್ರಿಯ" ಅಂತ ಮಾತ್ರ ಇರುವಾಗ ಇದರಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಅದರಿಂದ ಇತಿಹಾಸಕಾರರಿಗೆ ಏನು ಅನುಕೂಲವಾಯಿತು ಅಂತ ಕೇಳಿ.

ಹೋಲಿಕೆಗೆ, ಮೂರನೇ ಪ್ರಬಂಧದ ಹೊತ್ತಿಗೆ, "ಕೊಪ್ಪಳ-ರಾಯಚೂರಿಗೆ 1947ರ ಆಗಸ್ಟ್ 15ಕ್ಕೆ ಬಾರದ ಸ್ವಾತಂತ್ರ್ಯ ಬಳ್ಳಾರಿಗೆ ಆಗಲೇ ಹೇಗೆ ಬಂದಿತ್ತು?" ನಿಜಾಮರ ಆಳ್ವಿಕೆಯ ಈ ಎರಡು ಊರುಗಳು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತಕ್ಕೆ ಸೇರಿದ್ದರಿಂದ 1947ರಲ್ಲೇ ಸ್ವತಂತ್ರವಾಯಿತು, ಆದರೆ ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಪ್ರಶ್ನೆ ಕೊಟ್ಟರೆ, 17ರಂದು ಶಾಲೆಯಲ್ಲಿ ಧ್ವಜ ಏರುವ ಹೊತ್ತಿಗೆ ಮಕ್ಕಳ ಚೀಟಿಗಳು ಸೇರಿರುತ್ತವೆ.